ನಮ್ಮ ದಫೇದಾರರು ಮತ್ತು ಕಾಣೆಯಾದ ಐವರು ಗಂಡಂದಿರು

ದಫೇದಾರರು ತೀರಿಕೊಂಡರೆಂದು ಸಂಪಾಜೆಯಿಂದ ಬಂದ ಕಾರ್ಡಿನಲ್ಲಿ ತಾರೀಖೇ ಇರಲಿಲ್ಲ. ‘ಮೊನ್ನೆ ಬೆಳಿಗ್ಗೆ ಹೋಗಿಬಿಟ್ಟರು’ ಎಂದಷ್ಟೇ ಬರೆದಿತ್ತು. ಯಾವ ಮೊನ್ನೆ, ಬೆಳಿಗ್ಗೆ ಎಷ್ಟು ಗಂಟೆಗೆ, ಹತ್ತಿರ ಇದ್ದವರು ಯಾರು ಎಂಬ ವಿವರವಿಲ್ಲದ ಕಾಗದವನ್ನು ಅವರು ಬದುಕಿದ್ದಾಗ ಒಪ್ಪಿಕೊಳ್ಳುತ್ತಿರಲಿಲ್ಲ. ಎರಡು ಬೆರಳಿನಿಂದ ಅದನ್ನು ನನ್ನ ಮೇಜಿಗೆ ತಳ್ಳಿ, ‘ಇದು ಸುದ್ದಿ ರೈಟರೇ, ವರದಿ ಅಲ್ಲ’ ಎನ್ನುತ್ತಿದ್ದರು. ನಾನು ಅಂಚೆಯ ಮುದ್ರೆ ನೋಡಿ ದಿನ ಎಣಿಸಿದೆ. ತಿಥಿಗೆ ಇನ್ನೂ ಮೂರು ದಿನ ಇತ್ತು. ಹೋಗಿ ಬಂದೆ. ಬಂದ ಮೇಲೆ ಅವರ ಬಗ್ಗೆ ನಾಲ್ಕು ಮಾತು ಬರೆಯದೆ ಇರಲಾಗುತ್ತಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮನೆಯವರು ಇನ್ನೂ ಇದ್ದಾರೆ.

ಆಗ ಕೊಡಗು ಒಂದು ರಾಜ್ಯವಾಗಿತ್ತು. ಬೆಳಿಗ್ಗೆ ಕುಶಾಲನಗರದಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸಂಪಾಜೆಯಲ್ಲಿ ರಾಜ್ಯ ಮುಗಿಯುತ್ತಿತ್ತು. ಅಷ್ಟು ಸಣ್ಣ ರಾಜ್ಯಕ್ಕೂ ಮಂತ್ರಿಗಳಿದ್ದರು, ಸುತ್ತೋಲೆಗಳಿದ್ದವು, ಮತ್ತು ಕುಶಾಲನಗರಕ್ಕೂ ಮಡಿಕೇರಿಗೂ ನಡುವಿನ ನಮ್ಮ ಪೇಟೆಯಲ್ಲಿ ಒಂದು ಪೊಲೀಸ್ ಠಾಣೆ ಇತ್ತು. ನಾನು ಅಲ್ಲಿ ರೈಟರ್, ಅಂದರೆ ಠಾಣೆಯ ಬರವಣಿಗೆಯೆಲ್ಲ ನನ್ನದು. ಇನ್‌ಸ್ಪೆಕ್ಟರ್ ಸಾಹೇಬರು ಹೆಚ್ಚಾಗಿ ಮಡಿಕೇರಿಯಲ್ಲೇ ಇರುತ್ತಿದ್ದರು. ಠಾಣೆ ನಡೆಯುತ್ತಿದ್ದದ್ದು ಹೆಡ್ ಕಾನ್‌ಸ್ಟೇಬಲ್ ಆಗಿದ್ದ ನಮ್ಮ ದಫೇದಾರರಿಂದ.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಬೇಲಿ ಜಗಳದ ವರದಿ ಬರೆದಿದ್ದೆ. ‘ಆಪಾದಿತನು ಕೋಪದಿಂದ ಬಂದನು’ ಎಂದು ಶುರು ಮಾಡಿದ್ದೆ. ದಫೇದಾರರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

‘ಕೋಪ ನೀವು ಕಂಡಿದ್ದೀರಾ?’

‘ಇಲ್ಲ ಸಾರ್. ಆದ್ರೆ ಮುಖ ನೋಡಿದ್ರೆ ಗೊತ್ತಾಗ್ತಿತ್ತು.’

‘ಎಂತ ಕಂಡಿರಿ ಹೇಳಿ.’

‘ಕೈಯಲ್ಲಿ ಕೊಡೆ ಇತ್ತು.’

‘ಹಾಗಾದ್ರೆ ಕೊಡೆ ಬರೀರಿ.’

ನಾನು ಕೊಡೆ ಬರೆದೆ. ಕಂಡದ್ದನ್ನು ಬರೆಯಿರಿ, ಕೇಳಿದ್ದಕ್ಕೆ ಬೇರೆ ಪುಸ್ತಕ ಉಂಟು ಎನ್ನುವುದು ಅವರ ಯಾವತ್ತಿನ ಮಾತು. ಆ ಬೇರೆ ಪುಸ್ತಕವನ್ನು ನಾಲ್ಕು ವರ್ಷ ಹುಡುಕಿದೆ. ಅಂಥದ್ದೊಂದು ಠಾಣೆಯಲ್ಲಿ ಇರಲೇ ಇಲ್ಲ.

ಆಳು ತೆಳ್ಳಗೆ, ಉದ್ದ. ಕೂರುವಾಗ ಮೊದಲು ಕುರ್ಚಿಯನ್ನು ನೋಡಿ, ಆಮೇಲೆ ಕೂರುತ್ತಿದ್ದರು. ನಗುವುದು ಕಮ್ಮಿ. ನಗಲೇಬೇಕಾಗಿ ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಸಂಪಾಜೆಯ ಕಡೆಯ ಅರೆಭಾಷೆ ಗೌಡರಾದ್ದರಿಂದ ಅನ್ನ ಉಂಡು ಬೆಳೆದವರು. ಆದರೆ ಪೊಲೀಸ್ ಲೈನಿನ ಅವರ ಮನೆಯಲ್ಲಿ ದಿನಾ ರಾಗಿಮುದ್ದೆ, ಯಾಕೆಂದರೆ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಹಾಸನದಿಂದ ಬಂದು ಕುಶಾಲನಗರದ ಆಚೆ ನೆಲೆಸಿದ ಒಕ್ಕಲಿನವರು. ದಫೇದಾರರು ಆ ಮುದ್ದೆಯನ್ನು ಸಾಕ್ಷಿ ಹೇಳುವವರ ಮುಖ ಮಾಡಿಕೊಂಡು ನುಂಗುತ್ತಿದ್ದರು. ನಾನು ಒಂಟಿಯಾಗಿದ್ದವನು, ವಾರಕ್ಕೆ ಎರಡು ದಿನ ಅಲ್ಲೇ ಊಟ. ‘ಹನ್ನೆರಡು ವರ್ಷ ಆಯ್ತು ಕಣಪ್ಪ, ಇವರಿಗಿನ್ನೂ ಮುದ್ದೆ ಮುರಿಯೋಕೆ ಬರಲ್ಲ’ ಎಂದು ಅಕ್ಕ ಪ್ರತಿಸಲವೂ ಹೇಳುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ದಫೇದಾರರು ಸಂಪಾಜೆಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದರು. ಗದ್ದೆ ಉಂಟು, ವಯಸ್ಸಾದ ತಾಯಿ ಉಂಟು ಎಂದು ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡೂ ನಿಜವೇ.

ಪೇಟೆಯ ಅಂಚಿನಲ್ಲಿ ಹರಿಯುವ ತೋಡು ದಾಟಿದರೆ ದೀಪದವರ ಕೇರಿ. ಅದು ಊರಿನವರು ಇಟ್ಟ ಹೆಸರು. ಅವರು ದೇವಸ್ಥಾನಕ್ಕೂ ಬರುತ್ತಿರಲಿಲ್ಲ, ಮಸೀದಿಗೂ ಚರ್ಚಿಗೂ ಹೋಗುತ್ತಿರಲಿಲ್ಲ. ಬರಿಯ ಗೋಡೆಯ ಒಂದು ಕೋಣೆಯಲ್ಲಿ ಒಂದು ದೀಪ ಹಚ್ಚಿಟ್ಟು ಅದರ ಮುಂದೆ ಕೂತು ಹಾಡುತ್ತಿದ್ದರು. ಘಟ್ಟದ ಕೆಳಗಿನಿಂದ ಬಂದವರು, ಬಿದಿರು ಸೀಳಿ ಕಿತ್ತಳೆ ತುಂಬುವ ಬುಟ್ಟಿ ಹೆಣೆಯುವುದು ಕಸುಬು. ನಮ್ಮ ಕಡೆಯ ಕಿತ್ತಳೆ ಎಲ್ಲಿಗೆ ಹೋದರೂ ಅವರ ಬುಟ್ಟಿಯಲ್ಲಿ ಕೂತೇ ಹೋಗುತ್ತಿತ್ತು. ಅಣ್ಣನೋ ತಮ್ಮನೋ ಸತ್ತರೆ ಅವನ ಹೆಂಡತಿಯನ್ನು ಉಳಿದವನು ಮದುವೆಯಾಗಬೇಕು ಎನ್ನುವುದು ಅವರ ಪಂಥದ ಕಟ್ಟಳೆ. ಹಾಗಾಗಿ ಕೆಲವರಿಗೆ ಇಬ್ಬರು ಹೆಂಡಿರು. ಆದರೆ ಒಂದು ಒಲೆಗೆ ಒಬ್ಬಳೇ ಹೆಂಗಸು ಎನ್ನುವುದೂ ಕಟ್ಟಳೆಯೇ ಆದ್ದರಿಂದ ಅಂಥವನಿಗೆ ಎರಡು ಮನೆ. ಒಂದು ವಾರ ಈ ಮನೆ, ಒಂದು ವಾರ ಆ ಮನೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಮೊದಲೇ ತಿಳಿದುಕೊಳ್ಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಒಂದು ವರ್ಷ ಎಸ್ಟೇಟುಗಳ ಕಣದಿಂದ ಒಣಗಲು ಹಾಕಿದ ಕಾಫಿ ಕಳುವಾಗತೊಡಗಿತು. ಇನ್‌ಸ್ಪೆಕ್ಟರ್ ಸಾಹೇಬರು ಮಡಿಕೇರಿಯಿಂದ ಬಂದು, ಹೊರಗಿನಿಂದ ಬಂದವರು ಯಾರಿದ್ದಾರೆ ಎಂದು ಕೇಳಿದರು. ಯೋಚಿಸಿ ನೋಡಿದರೆ ಪೇಟೆಯಲ್ಲಿ ಎಲ್ಲರೂ ಹೊರಗಿನಿಂದ ಬಂದವರೇ, ಸಾಹೇಬರೂ ಸೇರಿ. ಆದರೆ ಎಲ್ಲರ ಬೆರಳೂ ತೋಡಿನ ಕಡೆಗೇ ಹೋಯಿತು. ದಿನಾ ಬೆಳಿಗ್ಗೆ ಆರು ಗಂಟೆಗೆ ಬೀಟ್ ಕಾನ್‌ಸ್ಟೇಬಲ್ ಕೇರಿಗೆ ಹೋಗಿ ಯಾವ ಗಂಡಸು ಮನೆಯಲ್ಲಿದ್ದಾನೆ, ಯಾವನಿಲ್ಲ ಎಂದು ಬರೆದು ತರಬೇಕೆಂದು ಹುಕುಂ ಆಯಿತು. ದಫೇದಾರರು ತಾವೇ ಅಡಿಪಟ್ಟಿ ಹಿಡಿದು ಪುಸ್ತಕಕ್ಕೆ ಗೆರೆ ಹಾಕಿದರು. ಮನೆ ನಂಬರ್, ಮನೆಯ ಯಜಮಾನ, ಇದ್ದಾನೆ ಅಥವಾ ಇಲ್ಲ.

ಕಾನ್‌ಸ್ಟೇಬಲ್ ಹೋಗಿ ಬಾಗಿಲು ಬಡಿದ. ಬಾಗಿಲು ತೆಗೆದದ್ದು ಹೆಂಗಸರು. ಗಂಡನ ಹೆಸರೇನು ಎಂದು ಕೇಳಿದರೆ ಅವರು ತಲೆ ತಗ್ಗಿಸಿ ನಿಂತರು. ಗಂಡನ ಹೆಸರು ಬಾಯಲ್ಲಿ ಹೇಳುವುದು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಕಾನ್‌ಸ್ಟೇಬಲ್‌ನ ಹೆಂಡತಿಯೂ ಹೇಳುವವಳಲ್ಲ, ಆದ್ದರಿಂದ ಅವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹೆಂಗಸಿನ ಹೆಸರು ಕೇಳಿಕೊಂಡು ‘ಇಂಥವಳ ಗಂಡ’ ಎಂದು ಯಜಮಾನನ ಕಾಲಮಿನಲ್ಲಿ ಬರೆದ. ಹದಿನಾಲ್ಕು ಮನೆ, ಹದಿನಾಲ್ಕು ಹೆಂಗಸರು, ಆದ್ದರಿಂದ ಹದಿನಾಲ್ಕು ಗಂಡಂದಿರು. ಪ್ರತಿದಿನ ಬೆಳಿಗ್ಗೆ ಒಂಬತ್ತು ಜನ ಮನೆಯಲ್ಲಿ, ಐದು ಜನ ಕಾಣೆ. ವಾರ ಕಳೆದರೆ ಕಾಣೆಯಾದ ಐವರು ಹಾಜರು, ಬೇರೆ ಐವರು ಕಾಣೆ. ಪಾಳಿ ಹಾಕಿಕೊಂಡು ಕಳ್ಳತನ ಮಾಡುವ ಇಂಥ ಶಿಸ್ತಿನ ಗ್ಯಾಂಗನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದು ಸಾಹೇಬರು ಮೇಲಕ್ಕೆ ಬರೆದರು. ಕೇರಿಯನ್ನೇ ಎಬ್ಬಿಸಿ ರಾಜ್ಯದಿಂದ ಹೊರಹಾಕಬೇಕೆಂದು ಶಿಫಾರಸು ಹೋಯಿತು. ಪೇಟೆಯಲ್ಲಿ ಅದಕ್ಕೆ ಸರಿಯಾಗಿ ಒಂದು ಅರ್ಜಿ ತಯಾರಾಗಿ ಸಹಿ ಸೇರತೊಡಗಿತು.

ತಪ್ಪು ಹಿಡಿದವರು ದಫೇದಾರರೇ. ಒಂದು ಸೋಮವಾರ ನನ್ನನ್ನೂ ಕರೆದುಕೊಂಡು ಬೀಟಿಗೆ ಹೊರಟರು. ಮೂರನೆಯ ಮನೆಯ ಜಗಲಿಯಲ್ಲಿ ಒಬ್ಬ ಬಿದಿರು ಸೀಳುತ್ತಿದ್ದ. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಮುಂದಿನ ಸೋಮವಾರ ಹನ್ನೊಂದನೆಯ ಮನೆಯ ಜಗಲಿಯಲ್ಲೂ ಒಬ್ಬ ಬಿದಿರು ಸೀಳುತ್ತಿದ್ದ. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ದಫೇದಾರರು ಬಹಳ ಹೊತ್ತು ಆ ಬೆರಳನ್ನೇ ನೋಡಿದರು. ಆಮೇಲೆ ಕೇರಿಯ ಹಿರಿಯನನ್ನು ಕರೆಸಿದರು.

‘ಇಲ್ಲಿ ಗಂಡಸರು ಎಷ್ಟು ಜನ?’

‘ಒಂಬತ್ತು ಸಾರ್.’

‘ಪುಸ್ತಕದಲ್ಲಿ ಹದಿನಾಲ್ಕು ಉಂಟಲ್ಲ.’

‘ಅದು ಹೇಗೆ ಅಂತ ನಾವೂ ಯೋಚನೆ ಮಾಡ್ತಾ ಇದ್ದೇವೆ ಸಾರ್.’

‘ಮತ್ತೆ ಯಾಕೆ ಹೇಳಲಿಲ್ಲ?’

‘ಪೊಲೀಸಿನವರು ಗಂಡ ಎಲ್ಲಿ ಅಂತ ಕೇಳಿದ್ರು. ಎಷ್ಟು ಜನ ಅಂತ ಯಾರೂ ಕೇಳಲಿಲ್ಲ.’ ಮುದುಕ ಮೊಣಕಾಲು ಒತ್ತಿಕೊಂಡು ಹೇಳಿದ. ‘ಇದು ನಮಗೆ ನಾಲ್ಕನೇ ಊರು ಸಾರ್. ಕೇಳದ್ದನ್ನು ಹೇಳಿದ್ರೆ ಮೊದಲಿನ ಮೂರು ಊರಲ್ಲೂ ಒಳ್ಳೇದಾಗಲಿಲ್ಲ. ಇಲ್ಲಿಂದ ಎಬ್ಬಿಸಿದ್ರೆ ಇನ್ನು ಘಟ್ಟ ಇಳಿಯೋದಕ್ಕೆ ನನ್ನ ಕಾಲು ಕೇಳೋದಿಲ್ಲ.’

ದಫೇದಾರರು ನೇರ ಠಾಣೆಗೆ ವಾಪಸು ಬಂದರು. ಬಂದು ಪುಸ್ತಕ ಬಿಚ್ಚಿ ತಾವೇ ಹಾಕಿದ ಗೆರೆಗಳನ್ನು ನೋಡಿದರು. ‘ಇದರಲ್ಲಿ ಹೆಸರಿಗೆ ಕಾಲಂ ಇಡದೆ ಹೋದೆ ರೈಟರೇ’ ಎಂದರು. ಅವರ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿರಲಿಲ್ಲ.

ಸಾಹೇಬರಿಗೆ ವಿಷಯ ತಿಳಿಸಿದ್ದಾಯಿತು. ಅವರು ಪೂರ್ತಿ ಕೇಳಿ, ‘ಹಾಗಾದರೆ ಇನ್ನೂ ಕೆಟ್ಟದ್ದಾಯಿತಲ್ಲ. ಐವರು ಕಳ್ಳರಿದ್ದಾರೆ ಅಂದುಕೊಂಡಿದ್ದೆ. ಈಗ ನೋಡಿದರೆ ಐವರಿಗೆ ಇಬ್ಬಿಬ್ಬರು ಹೆಂಡಿರು’ ಎಂದರು. ಅಲ್ಲಿಂದ ಮುಂದೆ ಕಾಫಿಯ ಮಾತು ಹಿಂದಾಯಿತು, ಹೆಂಡಿರ ಮಾತು ಮುಂದಾಯಿತು. ಮಡಿಕೇರಿಯ ವಾರಪತ್ರಿಕೆಯೊಂದರಲ್ಲಿ ‘ಒಬ್ಬ ನಾಗರಿಕ’ ಎಂಬವರು ಬಡಪಾಯಿಗಳ ಮೇಲೆ ಪೊಲೀಸರ ಸಂಶಯ ಸರಿಯಲ್ಲವೆಂದು ಬರೆದರು. ಮುಂದಿನ ವಾರ ‘ಇನ್ನೊಬ್ಬ ನಾಗರಿಕ’ ಎಂಬವರು ಬುಟ್ಟಿ ಹೆಣೆದು ಎರಡು ಒಲೆ ಉರಿಸಲು ಸಾಧ್ಯವೇ, ಆದ್ದರಿಂದ ಕದ್ದೇ ಇರಬೇಕು ಎಂದು ಬರೆದರು. ಮೂರನೆಯ ವಾರ ‘ನಿಜವಾದ ನಾಗರಿಕ’ ಎಂಬವರು ಇಬ್ಬರನ್ನೂ ಖಂಡಿಸಿದರು. ಕೊನೆಗೆ ನಮ್ಮ ಪೇಟೆಯ ವಾಚನಾಲಯದವರು ಒಂದು ಭಾನುವಾರ ಶಾಲೆಯ ಹಾಲ್‌ನಲ್ಲಿ ಸಾರ್ವಜನಿಕ ಚರ್ಚೆ ಇಟ್ಟರು. ಚರ್ಚೆಯ ಕೊನೆಗೆ ಕೈ ಎತ್ತಿಸಿ ಅಭಿಪ್ರಾಯ ಪಡೆದು ಅರ್ಜಿಯ ಜೊತೆ ಸರ್ಕಾರಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಹದಿನಾಲ್ಕು ಮನೆಗಳು ಇರುವುದೋ ಹೋಗುವುದೋ ಅವತ್ತೇ ಗೊತ್ತಾಗುವುದಿತ್ತು.

ಶಾಲೆಯ ಹಾಲ್ ತುಂಬಿತ್ತು. ಅಧ್ಯಕ್ಷತೆ ಒಬ್ಬ ದೊಡ್ಡ ಪ್ಲಾಂಟರದ್ದು. ಎಡಗಡೆ ಹೆಂಗಸರ ಬೆಂಚುಗಳು, ಅಲ್ಲಿ ಲೈನಿನವರ ನಡುವೆ ಅಕ್ಕ. ದೀಪದವರು ಒಳಗೆ ಬರಲಿಲ್ಲ. ಗಂಡಸರು, ಹೆಂಗಸರು ಎಲ್ಲರೂ ಹೊರಗಿನ ವರಾಂಡದಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಒಬ್ಬ ವಕೀಲರು ಏಕಪತ್ನೀವ್ರತದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಶಾಲೆಯ ಮೇಷ್ಟರೊಬ್ಬರು ಅವರವರ ಧರ್ಮ ಅವರವರಿಗೆ ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟರು. ಆಮೇಲೆ ಅಧ್ಯಕ್ಷರು ಪೊಲೀಸರ ಪರವಾಗಿ ದಫೇದಾರರು ನಾಲ್ಕು ಮಾತು ಹೇಳಬೇಕೆಂದರು.

ದಫೇದಾರರು ಪುಸ್ತಕ ಹಿಡಿದು ಎದ್ದರು. ‘ಈ ಪುಸ್ತಕಕ್ಕೆ ಗೆರೆ ಹಾಕಿದವ ನಾನು. ತಪ್ಪು ನನ್ನದು. ಗಂಡಸರು ಹದಿನಾಲ್ಕಲ್ಲ, ಒಂಬತ್ತು. ಕಾಣೆಯಾದವರು ಯಾರೂ ಇಲ್ಲ. ಕಾಫಿ ಕದ್ದದ್ದಕ್ಕೆ ಇವರ ಮೇಲೆ ನಾನು ಕಂಡ ಸಾಕ್ಷಿ ಎಂತದೂ ಇಲ್ಲ.’

‘ಅದು ಸರಿ ದಫೇದಾರ್ರೇ’ ಎಂದರು ಅಧ್ಯಕ್ಷರು. ‘ಎರಡೆರಡು ಸಂಸಾರ ಇಟ್ಟುಕೊಂಡವರ ಮೇಲೆ ಪೊಲೀಸಿನ ಕಣ್ಣು ಇರಬೇಕೋ ಬೇಡವೋ, ಅದು ಇವತ್ತಿನ ಪ್ರಶ್ನೆ.’

‘ಇರಬೇಕು ಅಂತ ಸಭೆ ಹೇಳಿದ್ರೆ ಇಡ್ತೇನೆ. ಒಂದು ಪಂಥಕ್ಕೆ ಒಂದು ಪುಸ್ತಕ, ಉಳಿದವರಿಗೆ ಒಂದು ಅಂತ ನಮ್ಮಲ್ಲಿ ಇಲ್ಲ. ಅದಕ್ಕೆ ಮೂರು ವಾರದಿಂದ ಪೇಟೆಯ ಎಲ್ಲಾ ಮನೆಗೂ ಬೀಟ್ ಕಳಿಸಿದ್ದೇನೆ. ಓದ್ತೇನೆ.’

ಬೀಟ್ ಹೋದದ್ದು ನನಗೆ ಗೊತ್ತಿತ್ತು. ಬರೆದದ್ದು ಏನೆಂದು ಗೊತ್ತಿರಲಿಲ್ಲ, ಆ ಪುಸ್ತಕವನ್ನು ಅವರು ನನ್ನ ಕೈಗೆ ಕೊಟ್ಟಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು.

‘ಮೊದಲನೇ ವಾರ್ಡು. ಮನೆ ನಂಬರ್ ಒಂದು, ಪೊಲೀಸ್ ಲೈನು.’ ಯಜಮಾನ ಎಂದು ತಮ್ಮ ಹೆಸರನ್ನೇ ಓದಿದರು. ‘ಹೆಂಡತಿಯರು ಇಬ್ಬರು. ಮೊದಲನೆಯವಳು ಸಂಪಾಜೆಯಲ್ಲಿ.’ ಅವಳ ಹೆಸರು, ತಂದೆಯ ಹೆಸರು. ‘ಎರಡನೆಯವಳು ಇಲ್ಲಿ.’ ಅಕ್ಕನ ಹೆಸರು, ಅಕ್ಕನ ತಂದೆಯ ಹೆಸರು, ಊರು. ‘ಹದಿನೈದು ದಿನಕ್ಕೊಮ್ಮೆ ಶನಿವಾರದಿಂದ ಸೋಮವಾರದವರೆಗೆ ಯಜಮಾನ ಮನೆಯಲ್ಲಿ ಇರುವುದಿಲ್ಲ. ನೌಕರರಿಗೆ ಇಬ್ಬರು ಹೆಂಡಿರು ಕೂಡದೆಂದು ಸರ್ಕಾರ ಕಳಿಸಿದ ನಮೂನೆಯಲ್ಲಿ ಹೆಂಡತಿ ಒಬ್ಬಳೇ ಅಂತ ಬರೆದುಕೊಟ್ಟಿದ್ದಾನೆ. ಅದು ಸುಳ್ಳು.’

ಮದ್ದೂರು ವಡೆಯ ತಟ್ಟೆ ಹಿಡಿದು ಬರುತ್ತಿದ್ದ ವಾಚನಾಲಯದ ಕಾರ್ಯದರ್ಶಿ ನಡುವೆಯೇ ನಿಂತುಬಿಟ್ಟರು. ನಾನು ಹೆಂಗಸರ ಕಡೆ ನೋಡಿದೆ. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೇರ ಕೂತಿದ್ದರು. ಅಕ್ಕಪಕ್ಕದ ಇಬ್ಬರು ಒಂದೊಂದು ಗೇಣು ಆಚೆ ಸರಿದರು.

ದಫೇದಾರರು ಬೆರಳು ನಾಲಿಗೆಗೆ ತಾಗಿಸಿ ಹಾಳೆ ಮಗುಚಿದರು. ‘ಎರಡನೇ ವಾರ್ಡು’ ಎಂದರು.

ಅಧ್ಯಕ್ಷರು ಎದ್ದು ನಿಂತು, ಸಮಯ ಮೀರಿದ್ದರಿಂದ ಸಭೆಯನ್ನು ಇಲ್ಲಿಗೆ ಮುಗಿಸಲಾಗಿದೆ ಎಂದು ತಿಳಿಸಿದರು. ಸಭೆ ಐದು ಗಂಟೆಯವರೆಗೆ ಎಂದಿತ್ತು, ಆಗ ನಾಲ್ಕೂ ಆಗಿರಲಿಲ್ಲ. ಅಧ್ಯಕ್ಷರ ಮನೆಯೂ ವಕೀಲರ ಮನೆಯೂ ಎರಡನೇ ವಾರ್ಡಿನಲ್ಲಿದ್ದವು. ಅಧ್ಯಕ್ಷರಿಗೆ ಮೈಸೂರಿನಲ್ಲಿ ಆರೋಗ್ಯದ ದೃಷ್ಟಿಯಿಂದ ಇನ್ನೊಂದು ಮನೆ ಇತ್ತು. ವಕೀಲರಿಗೆ ಯಾವ ದೃಷ್ಟಿಯಿಂದ ಇತ್ತೋ ನನಗೆ ತಿಳಿಯದು. ಕೈ ಎತ್ತಿ ಎಂದು ಯಾರೂ ಕೇಳಲಿಲ್ಲ. ಅರ್ಜಿ ಎಲ್ಲಿ ಹೋಯಿತೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ, ಸಹಿ ಹಾಕಿದವರಿಗಂತೂ ಮೊದಲೇ ಇಲ್ಲ. ಆ ವರ್ಷದ ಕಿತ್ತಳೆಯೂ ದೀಪದವರ ಬುಟ್ಟಿಯಲ್ಲೇ ಹೋಯಿತು. ಕಾಫಿ ಕದ್ದವರು ಮಾತ್ರ ಸಿಕ್ಕಲಿಲ್ಲ. ಈಗಲೂ ಸಿಕ್ಕಿಲ್ಲ.

ಸಭೆಯ ವರದಿಯನ್ನು ಮಡಿಕೇರಿಗೆ ಕಳಿಸಬೇಕಿತ್ತು. ಮರುದಿನ ನಾನು ಬರೆದೆ. ‘ದಫೇದಾರರು ಠಾಣೆಯ ಪುಸ್ತಕದಿಂದ ಕೆಲವು ವಿವರ ಓದಿದರು’ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಅವರ ಮುಂದಿಟ್ಟೆ.

‘ಕೆಲವು ಅಂದ್ರೆ ಎಷ್ಟು ರೈಟರೇ?’

ನಾನು ಶಾಯಿಕುಡಿಕೆಯ ಮುಚ್ಚಳ ಹಾಕಿದೆ.

‘ನೀವು ಸಭೆಯಲ್ಲಿ ಇದ್ದಿರಿ ಅಲ್ವಾ?’

‘ಇದ್ದೆ ಸಾರ್. ಆದ್ರೆ ಇದು ಮೇಲಕ್ಕೆ ಹೋದ್ರೆ ನಿಮ್ಮ ಕೆಲಸ ಉಳಿಯಲ್ಲ. ಅಲ್ಲಿ ಕೂತಿದ್ದವರು ಯಾರೂ ಬರೆದು ಹೇಳೋರಲ್ಲ. ನಾನೊಬ್ಬ ಬಿಟ್ರೆ ಮುಗೀತು.’

‘ಎರಡನೇ ವಾರ್ಡಿನವರು ಬಾಯಿ ಮುಚ್ಚಿದ್ದು ನಾನು ನನ್ನದನ್ನು ಓದಿದ್ದಕ್ಕೆ. ಈಗ ನನ್ನದನ್ನು ಹೊಡೆದು ಹಾಕಿದ್ರೆ ನಾಳೆ ಆ ಮುದುಕನ ಬಾಗಿಲಿಗೆ ಮತ್ತೆ ಬರ್ತಾರೆ. ಬರೀರಿ, ನಾನು ಹೇಳ್ತೇನೆ.’

ಅವರು ಹೇಳಿದರು, ನಾನು ಬರೆದೆ. ಅಕ್ಕನ ಹೆಸರು ಬಂದಾಗ ಅಕ್ಷರ ಹೇಗೆಂದು ಕೇಳಿದೆ. ಆ ಮನೆಯಲ್ಲಿ ನಾಲ್ಕು ವರ್ಷ ಉಂಡಿದ್ದೆ, ಅವರ ಹೆಸರೇನೆಂದು ಕೇಳಿರಲಿಲ್ಲ. ದಫೇದಾರರು ಅದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ತಂದೆಯ ಹೆಸರನ್ನೂ ಹಾಗೆಯೇ. ಎರಡು ತಿಂಗಳಲ್ಲಿ ಕಡ್ಡಾಯ ನಿವೃತ್ತಿಯ ಆರ್ಡರು ಬಂತು. ಜಮೇದಾರರಾಗಿ ಬಡ್ತಿ ಸಿಗುವುದು ಆ ವರ್ಷವೇ ಇತ್ತು. ನನ್ನ ಕೈಬರಹದಿಂದ ಹೋಯಿತಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಲೈನು ಬಿಡುವ ವಾರ ಅಕ್ಕ ಅವರೊಡನೆ ಮಾತಾಡುತ್ತಿರಲಿಲ್ಲ. ಪಾತ್ರೆ ಕಟ್ಟಲು ನಾನು ಹೋಗಿದ್ದೆ. ‘ಹದಿನಾಲ್ಕು ಒಲೆ ಉಳಿಸಿ ನನ್ನ ಒಲೆ ಆರಿಸಿದ್ರು ಕಣಪ್ಪ’ ಎಂದರು. ‘ನಂಗೆ ಸಂಪಾಜೇದು ಮೊದಲೇ ಗೊತ್ತಿತ್ತು. ಕಾವೇರಿ ದಂಡೇಲಿ ತಾಳಿ ಕಟ್ಟೋಕೆ ಮುಂಚೇನೇ ಹೇಳಿದ್ರು. ಲೈನಿನೋರಿಗೆ ಗೊತ್ತಿರಲಿಲ್ಲ, ಅಷ್ಟೆಯ. ಒಂದು ಮಾತು ನನ್ನ ಕೇಳಬೋದಿತ್ತಲ್ವಾ?’ ದಫೇದಾರರು ಕೇಳಬೇಕಿತ್ತು. ನಾನು ಎಷ್ಟೇ ಗೌರವ ಇಟ್ಟುಕೊಂಡರೂ ಅದೊಂದನ್ನು ಅವರ ಲೆಕ್ಕದಿಂದ ಕಳೆಯಲಾರೆ. ಇಬ್ಬರೂ ಸಂಪಾಜೆಗೆ ಹೊರಡುವ ದಿನ ದೀಪದವರ ಹೆಂಗಸರು ಹದಿನಾಲ್ಕು ಜನವೂ ಬಸ್ಸಿನವರೆಗೆ ಬಂದು ಅಕ್ಕನ ಸುತ್ತ ನಿಂತರು. ಲೈನಿನಿಂದ ಬಂದವನು ನಾನೊಬ್ಬನೇ.

ಆಮೇಲೆ ಕೊಡಗು ರಾಜ್ಯವೂ ಮುಗಿದು ಮೈಸೂರಿಗೆ ಸೇರಿತು. ನನಗೆ ವರ್ಗವಾಯಿತು. ವರ್ಷಕ್ಕೊಂದು ಕಾಗದ ಅವರಿಂದ ಬರುತ್ತಿತ್ತು, ತಾರೀಖು, ಹೊತ್ತು ಎಲ್ಲ ಸರಿಯಾಗಿ ಬರೆದು.

ತಿಥಿಯ ದಿನ ಸಂಪಾಜೆಯ ಮನೆಯಲ್ಲಿ ಜನ ಇದ್ದರು. ಒಳಗೆ ಚಾಪೆಯ ಮೇಲೆ ಮೊದಲ ಹೆಂಡತಿ, ಬಿಳಿಕೂದಲಿನ ದೊಡ್ಡಮ್ಮ, ಕೂತಿದ್ದರು, ಬಂದವರೆಲ್ಲ ಅವರ ಹತ್ತಿರ ಹೋಗಿ ಮಾತಾಡಿಸುತ್ತಿದ್ದರು. ನಾನೂ ಕೈಮುಗಿದು ಬಂದೆ. ಅಕ್ಕ ಹಿತ್ತಲಿನ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದರು. ಯಾರೋ ನೆಂಟರು ಅವರನ್ನು ತೋರಿಸಿ, ‘ಇವರು ಪೇಟೆಯವರು, ಅಲ್ಲಿ ದಫೇದಾರರ ಮನೆಕೆಲಸಕ್ಕೆ ಇದ್ದರು’ ಎಂದು ನನಗೆ ಪರಿಚಯ ಮಾಡಿಕೊಟ್ಟರು. ಅಕ್ಕ ತಲೆ ಎತ್ತಲಿಲ್ಲ. ನೆಂಟರು ಹೋದ ಮೇಲೆ ನನ್ನನ್ನು ಕೂರಲು ಹೇಳಿದರು.

‘ಆವತ್ತು ನೀನು ಬರೆದ ಕಾಗದ ಐತಾ ಇನ್ನೂ?’

ನಮ್ಮ ಠಾಣೆಯ ಕಡತಗಳೂ ಮಡಿಕೇರಿಗೆ ಕಳಿಸಿದ ವರದಿಗಳೂ ಕೊಡಗು ಮೈಸೂರಿಗೆ ಸೇರಿದ ವರ್ಷ ಗೋಣಿಚೀಲದಲ್ಲಿ ತುಂಬಿ ಎಲ್ಲಿಗೋ ಹೋಗಿದ್ದವು. ಒಂದು ಚೀಲ ಮಳೆಯಲ್ಲಿ ನೆನೆದದ್ದನ್ನು ನಾನೇ ಕಂಡಿದ್ದೆ.

‘ಇದೆ ಅಕ್ಕ. ಮಡಿಕೇರಿಯಲ್ಲಿ ಭದ್ರವಾಗಿ ಇಟ್ಟಿದ್ದಾರೆ’ ಎಂದೆ.

‘ಅದ್ರಲ್ಲಿ ನನ್ನ ಹೆಸರು ಐತಲ್ವಾ. ಹೆಂಡತಿ ಅಂತ.’

‘ಇದೆ. ನಿಮ್ಮ ಹೆಸರು, ನಿಮ್ಮ ತಂದೆ ಹೆಸರು, ಊರು. ಹೆಂಡತಿ ಅಂತಲೇ ಇದೆ.’

ಅಕ್ಕ ಮೊರವನ್ನು ಕೆಳಗಿಟ್ಟರು.

‘ಅಪ್ಪನ ಹೆಸರು ಸರಿಯಾಗಿ ಬರೆದಿದ್ಯಾ?’

‘ಅವರೇ ಬಿಡಿಸಿ ಹೇಳಿ ಬರೆಸಿದ್ದು ಅಕ್ಕ.’

‘ಹಂಗಾರೆ ಸರಿಯಾಗೇ ಇರ್ತದೆ’ ಎಂದು ಅಕ್ಕ ಮತ್ತೆ ಮೊರ ಎತ್ತಿಕೊಂಡರು.